ಹಿಮಗಿರಿಯ ಹವೆ ಮತ್ತು ಹಿಂದಿರುಗುವ ಹೊತ್ತು

ಹಿಮಾಲಯದ ಏರುದಾರಿಯು ಒಂದು ಕಾಲದಲ್ಲಿ ಯಾತ್ರಿಕರಿಗೆ, ಸೈನಿಕರಿಗೆ ಮತ್ತು ಕೆಲವೇ ಮಂದಿ ಸಾಹಸಿಗಳಿಗೆ ಮೀಸಲಾಗಿತ್ತು. ಇಂದು ಅದು ಸಂಸಾರವಂದಿಗರ ರಜೆಯ ಕಾರ್ಯಕ್ರಮವೂ ಆಗಿದೆ. ವರ್ಷವಿಡೀ ಚರ್ಚ್‌ಗೇಟ್ ಲೋಕಲ್ ಗಾಡಿಯಲ್ಲಿ ನಿಂತೇ ಪ್ರಯಾಣ ಮಾಡಿದ ಗೋರೆಗಾಂವಿನ ನೌಕರನು ಮೇ ತಿಂಗಳು ಬಂದಾಗ ಊರಿನ ಕಡೆಗೆ ಮುಖ ಮಾಡುವ ಬದಲು, ಹತ್ತು ದಿನ ಹಿಮದ ಮೇಲೆ ನಡೆದು ಬರಲು ಹೊರಡುವುದು ಈಗ ಅಪರೂಪವಲ್ಲ. ಮಕ್ಕಳು ಕಾಲೇಜಿನ ಗೆಳೆಯರೊಡನೆ ಹೊರಡುತ್ತಾರೆ. ನಿವೃತ್ತರಾದ ದಂಪತಿಗಳೂ ಹೊರಡುತ್ತಾರೆ. ಇದು ಸಂತೋಷದ ಸಂಗತಿ. ದೇಹಕ್ಕೆ ವ್ಯಾಯಾಮ, ಮನಸ್ಸಿಗೆ ಉಲ್ಲಾಸ, ಸಂಕುಚಿತ ನಗರಜೀವನಕ್ಕೆ ಬಿಡುಗಡೆ, ಇವೆಲ್ಲವೂ ಪರ್ವತದಲ್ಲಿ ದೊರೆಯುತ್ತವೆ.

ಆದರೆ ಹಿಮಪರ್ವತಕ್ಕೆ ತನ್ನದೇ ಆದ ನಿಯಮಗಳಿವೆ. ಅವನ್ನು ತಿಳಿಯದೆ ಹೋದವನಿಗೆ ಅದು ಕ್ಷಮೆ ತೋರುವುದಿಲ್ಲ. ತಿಳಿದು ಹೋದವನಿಗೂ ಸದಾ ದಯೆ ತೋರುವುದೆಂದು ಹೇಳಲಾಗದು. ಆ ನಿಯಮಗಳಲ್ಲೆಲ್ಲ ಅತ್ಯಂತ ಮುಖ್ಯವಾದುದು ಹಿಂದಿರುಗುವ ನಿಯಮ. ಹವೆ ಕೆಟ್ಟಾಗ ಎಲ್ಲಿ, ಯಾವಾಗ, ಯಾರ ಮಾತಿನ ಮೇಲೆ ಹಿಂದಿರುಗಬೇಕೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಆರೋಗ್ಯದ ಪ್ರಶ್ನೆಯೂ ಹೌದು, ಪ್ರಾಣದ ಪ್ರಶ್ನೆಯೂ ಹೌದು.

2024ರ ಜೂನ್ ತಿಂಗಳ ಪಾಠ

ಉತ್ತರಾಖಂಡದ ಉತ್ತರಕಾಶಿ ಮತ್ತು ಟೆಹ್ರಿ ಜಿಲ್ಲೆಗಳ ಗಡಿಯಲ್ಲಿ ಸಹಸ್ರತಾಲ್ ಎಂಬ ಸರೋವರಗಳ ಸಮೂಹವಿದೆ. ಅದು ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿದೆ. 2024ರ ಮೇ 29ರಂದು 22 ಮಂದಿಯ ಚಾರಣ ತಂಡವೊಂದು ಅತ್ತ ಹೊರಟಿತು. ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು. ಮಹಾರಾಷ್ಟ್ರದ ಒಬ್ಬರು ಮತ್ತು ಸ್ಥಳೀಯ ಮಾರ್ಗದರ್ಶಕರು ಅವರ ಜೊತೆಗಿದ್ದರು. ಜೂನ್ 7ಕ್ಕೆ ಅವರು ಹಿಂದಿರುಗಬೇಕಾಗಿತ್ತು. ಅವರಲ್ಲಿ ಅನೇಕರು ಚಾರಣದ ಅನುಭವವಿದ್ದವರು. ನಡುವಯಸ್ಸು ದಾಟಿದವರೂ ಇದ್ದರು.

ಜೂನ್ 3ರಂದು ಸರೋವರವನ್ನು ನೋಡಿ ಶಿಬಿರಕ್ಕೆ ಮರಳುತ್ತಿದ್ದಾಗ ತಂಡವು ಹಿಮಬಿರುಗಾಳಿಗೆ ಸಿಲುಕಿತು. ಹಿಮವೂ ಮಂಜೂ ಕವಿದು ದಾರಿ ಕಾಣದಾಯಿತು. ಶಿಬಿರವನ್ನು ಮುಟ್ಟಲಾರದೆ ಅವರು ಬಯಲಿನಲ್ಲಿ, ಬಂಡೆಗಳ ಮರೆಯಲ್ಲಿ ರಾತ್ರಿ ಕಳೆಯಬೇಕಾಯಿತು. ಸುದ್ದಿ ಹೊರಜಗತ್ತಿಗೆ ತಲುಪಿದ್ದು ಮರುದಿನ. ರಾಜ್ಯ ವಿಪತ್ತು ನಿರ್ವಹಣಾ ಪಡೆಯವರು ಕಾಲ್ನಡಿಗೆಯಲ್ಲೂ ವಾಯುಪಡೆಯವರು ಹೆಲಿಕಾಪ್ಟರಿನಲ್ಲೂ ಅವರನ್ನು ಅರಸಿ ಹೋದರು. ಕರ್ನಾಟಕದ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಧಾವಿಸಿ ರಕ್ಷಣಾ ಕಾರ್ಯದ ಸಮನ್ವಯದಲ್ಲಿ ನಿರತರಾದರು. 13 ಮಂದಿ ಬದುಕಿ ಬಂದರು. 9 ಮಂದಿ ಬರಲಿಲ್ಲ.

ತಪ್ಪು ಯಾರದೆಂದು ತೀರ್ಪು ಕೊಡುವುದು ಇಲ್ಲಿಯ ಉದ್ದೇಶವಲ್ಲ. ಅದು ತನಿಖೆ ಮಾಡುವವರ ಕೆಲಸ. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ. ಅವರ್ಯಾರೂ ಪ್ರಪಾತಕ್ಕೆ ಬಿದ್ದು ಸತ್ತವರಲ್ಲ, ಹಿಮಪಾತದಡಿ ಹೂತುಹೋದವರೂ ಅಲ್ಲ. ನಡೆದು ಹೋಗಬಹುದಾದ ದಾರಿಯಲ್ಲಿ, ಬೇಸಿಗೆಯ ತಿಂಗಳಿನಲ್ಲಿ, ಗಾಳಿ ಮತ್ತು ಚಳಿ ಅವರ ದೇಹದ ಶಾಖವನ್ನು ಕಸಿದುಕೊಂಡವು. ಇದು ಹೇಗೆ ಸಾಧ್ಯವಾಯಿತೆಂಬುದನ್ನು ಅರಿಯುವುದು ಹಿಮಾಲಯಕ್ಕೆ ಹೊರಡುವ ಪ್ರತಿಯೊಬ್ಬರಿಗೂ ಅಗತ್ಯ.

ಗುಡ್ಡ ಬೇರೆ, ಗಿರಿ ಬೇರೆ

ಮುಂಬಯಿಯ ಕನ್ನಡಿಗರಿಗೆ ಬೆಟ್ಟ ಹೊಸತಲ್ಲ. ಮಳೆಗಾಲದ ಭಾನುವಾರಗಳಲ್ಲಿ ಕರ್ಜತ್ ಅಥವಾ ಕಸಾರಾ ಗಾಡಿ ಹಿಡಿದು ಸಹ್ಯಾದ್ರಿಯ ಕೋಟೆಗಳನ್ನು ಹತ್ತುವವರು ಬಹಳ ಮಂದಿ ಇದ್ದಾರೆ. ಊರಿಗೆ ಹೋದಾಗ ಕುಮಾರಪರ್ವತವನ್ನೋ ಮುಳ್ಳಯ್ಯನಗಿರಿಯನ್ನೋ ಹತ್ತಿದವರೂ ಇದ್ದಾರೆ. ಇವು ಒಳ್ಳೆಯ ಅಭ್ಯಾಸಗಳೇ. ಆದರೆ ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ ಕಳಸೂಬಾಯಿಯ ಎತ್ತರ 1,646 ಮೀಟರ್. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಎತ್ತರದಿಂದ ಉಂಟಾಗುವ ಅಸ್ವಸ್ಥತೆ ಸಾಮಾನ್ಯವಾಗಿ ತಲೆದೋರುವುದು 2,500 ಮೀಟರ್ ದಾಟಿದ ಮೇಲೆ. ಎಂದರೆ, ಎರಡೂ ರಾಜ್ಯಗಳ ಬೆಟ್ಟಗಳನ್ನೆಲ್ಲ ಹತ್ತಿ ಮುಗಿಸಿದವನಿಗೂ ತನ್ನ ದೇಹ ಹಿಮಾಲಯದ ಎತ್ತರಕ್ಕೆ ಹೇಗೆ ಹೊಂದಿಕೊಳ್ಳುವುದೆಂಬುದು ಗೊತ್ತಿರುವುದಿಲ್ಲ.

ವಾಯುವಿನಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಶೇ. 21ರಷ್ಟೇ ಇರುತ್ತದೆ. ಕಡಿಮೆಯಾಗುವುದು ವಾಯುವಿನ ಒತ್ತಡ. 3,000 ಮೀಟರ್ ಎತ್ತರದಲ್ಲಿ ಒತ್ತಡವು ಸಮುದ್ರಮಟ್ಟದ ಶೇ. 70ರಷ್ಟು, 4,500 ಮೀಟರಿನಲ್ಲಿ ಸುಮಾರು ಶೇ. 57ರಷ್ಟು, 5,500 ಮೀಟರಿನಲ್ಲಿ ಅರ್ಧದಷ್ಟು. ಗೋರೆಗಾಂವಿನಲ್ಲಿ ಒಂದು ಉಸಿರಿಗೆ ದೊರೆಯುತ್ತಿದ್ದ ಆಮ್ಲಜನಕಕ್ಕೆ ಸಹಸ್ರತಾಲದ ದಂಡೆಯಲ್ಲಿ ಹೆಚ್ಚುಕಡಿಮೆ ಎರಡು ಉಸಿರು ಬೇಕಾಗುತ್ತದೆ. ಬಡ್ಡಿಯ ದರ ಬದಲಾಗದೆ ಅಸಲೇ ಕರಗಿದಂತೆ ಇದು.

ಈ ಕೊರತೆಗೆ ದೇಹವು ಹೊಂದಿಕೊಳ್ಳಬಲ್ಲದು, ಆದರೆ ಅದಕ್ಕೆ ದಿನಗಳ ಅವಧಿ ಬೇಕು. 1962ರ ಚೀನಾ ಯುದ್ಧದ ಕಾಲದಲ್ಲಿ ಬಯಲುಸೀಮೆಯ ಭಾರತೀಯ ಸೈನಿಕರನ್ನು ವಿಮಾನದಲ್ಲಿ ನೇರವಾಗಿ ಎತ್ತರದ ನೆಲೆಗಳಿಗೆ ಸಾಗಿಸಬೇಕಾಯಿತು. ಹೊಂದಿಕೊಳ್ಳಲು ಬಿಡುವಿಲ್ಲದೆ ಗಟ್ಟಿಮುಟ್ಟಾದ ತರುಣರೇ ಕಾಯಿಲೆ ಬಿದ್ದರು. ಸೇನಾವೈದ್ಯ ಇಂದರ್ ಸಿಂಗ್ ಮತ್ತು ಅವರ ಸಹೋದ್ಯೋಗಿಗಳು 1,925 ಸೈನಿಕರನ್ನು ಅಭ್ಯಸಿಸಿ 1969ರಲ್ಲಿ ಪ್ರಕಟಿಸಿದ ಪ್ರಬಂಧವು ಈ ವಿಷಯದಲ್ಲಿ ಜಗತ್ತೇ ಗೌರವಿಸುವ ಕೃತಿಯಾಗಿದೆ. ತಾರುಣ್ಯವಾಗಲಿ ಕಸರತ್ತಿನ ದೇಹವಾಗಲಿ ಎತ್ತರದ ಕಾಯಿಲೆಗೆ ರಕ್ಷೆಯಲ್ಲ ಎಂಬುದು ಅಂದಿನಿಂದ ಸ್ಪಷ್ಟವಾಗಿದೆ.

ಕಾಯಿಲೆಯ ಮೊದಲ ಮೆಟ್ಟಿಲು ತಲೆನೋವು. ಅದರ ಜೊತೆಗೆ ಹಸಿವಿಲ್ಲದಿರುವುದು, ವಾಕರಿಕೆ, ನಿದ್ರಾಹೀನತೆ, ಅತಿಯಾದ ಆಯಾಸ. ಈ ಹಂತದಲ್ಲಿ ಮುಂದೆ ಏರದೆ ಅಲ್ಲಿಯೇ ತಂಗಿದರೆ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಗುಣವಾಗುತ್ತದೆ. ಅಲಕ್ಷಿಸಿ ಏರಿದರೆ ಎರಡು ಘೋರ ರೂಪಗಳು ಕಾಣಿಸಿಕೊಳ್ಳಬಹುದು. ಒಂದು, ಶ್ವಾಸಕೋಶದಲ್ಲಿ ನೀರು ತುಂಬುವುದು. ಕುಳಿತಲ್ಲಿಯೂ ಏದುಸಿರು, ನಿಲ್ಲದ ಕೆಮ್ಮು, ಕೆಲವೊಮ್ಮೆ ಕೆಂಪುಮಿಶ್ರಿತ ನೊರೆಯ ಕಫ ಇದರ ಚಿಹ್ನೆಗಳು. ಇನ್ನೊಂದು, ಮಿದುಳು ಬಾತುಕೊಳ್ಳುವುದು. ಮಾತು ಅಸಂಬದ್ಧವಾಗುತ್ತದೆ, ಹಿಮ್ಮಡಿಗೆ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯೆಂದರೆ ರೋಗಿಯು ತೂರಾಡುತ್ತಾನೆ. ಈ ಎರಡಕ್ಕೂ ಮುಖ್ಯ ಚಿಕಿತ್ಸೆ ತಡಮಾಡದೆ ಕೆಳಗಿಳಿಸುವುದು. ಆಮ್ಲಜನಕದ ಸಿಲಿಂಡರು, ಔಷಧಿಗಳು ಇಳಿಯಲು ಸಹಾಯಕವೇ ಹೊರತು ಇಳಿಯುವುದಕ್ಕೆ ಬದಲಿಯಲ್ಲ.

ಗಾಳಿ, ಚಳಿ, ತೇವ

ಎರಡನೆಯ ಶತ್ರು ಚಳಿ. ಪ್ರತಿ 1,000 ಮೀಟರ್ ಏರಿದಂತೆ ವಾಯುವಿನ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಸಮುದ್ರಮಟ್ಟದಲ್ಲಿ 32 ಡಿಗ್ರಿ ಇರುವ ದಿನ ಈ ಲೆಕ್ಕದಂತೆ 4,500 ಮೀಟರ್ ಮೇಲೆ ಉಳಿಯುವುದು 3 ಡಿಗ್ರಿ ಮಾತ್ರ. ಮೋಡ ಕವಿದು ಸೂರ್ಯನು ಮರೆಯಾದರೆ ಅದು ಸೊನ್ನೆಗಿಂತ ಕೆಳಗಿಳಿಯಲು ಹೆಚ್ಚು ಹೊತ್ತು ಬೇಕಾಗದು.

ಇದರ ಮೇಲೆ ಗಾಳಿಯ ಪ್ರಹಾರ. ಚರ್ಮದ ಸುತ್ತ ದೇಹವೇ ಬೆಚ್ಚಗೆ ಮಾಡಿಕೊಂಡ ವಾಯುವಿನ ಒಂದು ತೆಳುಪದರವಿರುತ್ತದೆ. ಬೀಸುಗಾಳಿಯು ಅದನ್ನು ಕ್ಷಣಕ್ಷಣವೂ ಕಿತ್ತೊಯ್ಯುತ್ತದೆ. ಉಷ್ಣತೆ 0 ಡಿಗ್ರಿ ಇದ್ದು, ಗಾಳಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 7 ಡಿಗ್ರಿಯ ಅನುಭವ. ಮೈನಸ್ 10 ಡಿಗ್ರಿಯಲ್ಲಿ 50 ಕಿಲೋಮೀಟರ್ ವೇಗದ ಗಾಳಿಯು ಮೈನಸ್ 22ಕ್ಕೆ ಸಮಾನ.

ಮೂರನೆಯದು ತೇವ. ನೀರು ಶಾಖವನ್ನು ವಾಯುವಿಗಿಂತ ಸುಮಾರು 25 ಪಟ್ಟು ಬೇಗ ಸಾಗಿಸುತ್ತದೆ. ಮುಂಬಯಿಯ ಸೆಕೆಗೆ ಹಿತವಾದ ಹತ್ತಿಯ ಬನಿಯನ್ನು ಬೆವರಿನಲ್ಲಿಯೋ ಕರಗಿದ ಹಿಮದಲ್ಲಿಯೋ ನೆನೆದರೆ ಪರ್ವತದ ಮೇಲೆ ಅದೇ ವೈರಿಯಾಗುತ್ತದೆ. ಮೈಗೆ ತಾಗುವ ಬಟ್ಟೆ ಉಣ್ಣೆಯದೋ ಬೇಗ ಒಣಗುವ ಕೃತಕ ನೂಲಿನದೋ ಆಗಿರಬೇಕು. ನಡುವೆ ಬೆಚ್ಚನೆಯ ಪದರ, ಹೊರಗೆ ಗಾಳಿಯನ್ನೂ ನೀರನ್ನೂ ತಡೆಯುವ ಪದರ ಇರಬೇಕು.

ಈ ಮೂರೂ ಒಂದುಗೂಡಿದಾಗ ದೇಹದ ಒಳಗಿನ ಉಷ್ಣತೆ 37 ಡಿಗ್ರಿಯಿಂದ ಇಳಿಯತೊಡಗುತ್ತದೆ. 35 ಡಿಗ್ರಿಗಿಂತ ಕೆಳಗಿಳಿದರೆ ಅದನ್ನು ವೈದ್ಯರು ಹೈಪೊಥರ್ಮಿಯ ಎನ್ನುತ್ತಾರೆ. ಇದರ ಆರಂಭದ ಲಕ್ಷಣಗಳು ನಾಲ್ಕು: ಕೈ ತಡವರಿಸುವುದು, ಮಾತು ತೊದಲುವುದು, ಕಾಲು ಮುಗ್ಗರಿಸುವುದು, ಮನಸ್ಸು ಸಿಡುಕುವುದು. ಆಗ ನಡುಕ ಜೋರಾಗಿರುತ್ತದೆ. 32 ಡಿಗ್ರಿಯ ಆಸುಪಾಸಿಗೆ ಇಳಿದ ಮೇಲೆ ನಡುಕ ಕ್ರಮೇಣ ನಿಂತುಹೋಗುತ್ತದೆ. ನಡುಕ ನಿಂತದ್ದನ್ನು ಕಂಡು ಚೇತರಿಕೆಯೆಂದು ಭಾವಿಸಿದರೆ ಅನರ್ಥ. ಅದು ದೇಹದ ಇಂಧನ ತೀರುತ್ತಿರುವುದರ ಗುರುತು. ಕೆಲವರು ಈ ಸ್ಥಿತಿಯಲ್ಲಿ ಸೆಕೆಯೆಂಬ ಭ್ರಮೆಯಿಂದ ಬಟ್ಟೆಯನ್ನು ಕಿತ್ತೆಸೆಯುವುದೂ ಉಂಟು.

ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕಾಗಿದೆ. ಚಳಿಯೂ ಆಮ್ಲಜನಕದ ಕೊರತೆಯೂ ಕೈಕಾಲುಗಳಷ್ಟೇ ಬೇಗನೆ ವಿವೇಚನಾಶಕ್ತಿಯನ್ನೂ ಕುಂದಿಸುತ್ತವೆ. ‘ಇನ್ನು ಸ್ವಲ್ಪ ದೂರ’ ಎಂದು ತೀರ್ಮಾನಿಸುವ ಮಿದುಳೇ ಆ ಹೊತ್ತಿಗೆ ಅರೆಪ್ರಜ್ಞೆಯಲ್ಲಿರುತ್ತದೆ. ಆದುದರಿಂದ ಹಿಂದಿರುಗುವ ನಿರ್ಧಾರವನ್ನು ಅಲ್ಲಿ ಮಾಡುವುದಲ್ಲ, ಬೆಚ್ಚಗಿರುವಾಗಲೇ, ಹೊಟ್ಟೆ ತುಂಬಿರುವಾಗಲೇ, ಶಿಬಿರದಲ್ಲಿ ಕುಳಿತು ಮಾಡಿಟ್ಟಿರಬೇಕು.

ಹವೆಯ ಮುನ್ಸೂಚನೆಗಳು

ಹಿಮಾಲಯದ ಹವೆ ಏಕೆ ಅಷ್ಟು ಬೇಗ ಬದಲಾಗುತ್ತದೆ? ಮುಂಗಾರು ಮುಂಬಯಿಯನ್ನು ಜೂನ್ ಎರಡನೆಯ ವಾರದ ಸುಮಾರಿಗೆ ಮುಟ್ಟುತ್ತದೆ. ಉತ್ತರಾಖಂಡವನ್ನು ತಲುಪುವುದು ಅನಂತರ. ಹೀಗಾಗಿ ಮೇ ತಿಂಗಳು ಮತ್ತು ಜೂನ್ ಆರಂಭವನ್ನು ಚಾರಣಕ್ಕೆ ಪ್ರಶಸ್ತವೆಂದು ಎಣಿಸುತ್ತಾರೆ. ಆದರೆ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಅಫಘಾನಿಸ್ತಾನಗಳನ್ನು ದಾಟಿ ಬರುವ ವಾಯುಕ್ಷೋಭೆಗಳು ಚಳಿಗಾಲದಲ್ಲಿ ಹೆಚ್ಚಾಗಿದ್ದರೂ ಬೇಸಿಗೆಯಲ್ಲಿಯೂ ಪೂರ್ಣವಾಗಿ ನಿಲ್ಲುವುದಿಲ್ಲ. ಇದಲ್ಲದೆ, ಬೆಳಗಿನ ಬಿಸಿಲಿಗೆ ಕಾದ ಕಣಿವೆಯ ವಾಯು ಇಳಿಜಾರುಗಳ ಗುಂಟ ಮೇಲೇರಿ ಮಧ್ಯಾಹ್ನದ ವೇಳೆಗೆ ಮೋಡವಾಗುತ್ತದೆ. ಕೆಳಗಿನ ಊರಿನಲ್ಲಿ ಗುಡುಗುಮಳೆಯಾಗಿ ಬೀಳುವುದೇ ಮೇಲೆ ಹಿಮವಾಗಿ ಬೀಳುತ್ತದೆ. ‘ಬೆಳಗಿನ ಜಾವ ಹೊರಡು, ಮಧ್ಯಾಹ್ನದೊಳಗೆ ಮರಳು’ ಎಂಬ ಪರ್ವತಾರೋಹಿಗಳ ಕಟ್ಟಳೆಗೆ ಇದೇ ಆಧಾರ.

ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಪ್ರತಿದಿನ ತಿಳಿದುಕೊಳ್ಳುವುದು ಮೊದಲ ಕರ್ತವ್ಯ. ಸಂಪರ್ಕವಿಲ್ಲದೆಡೆ ಕಣ್ಣೇ ಸಾಧನ. ಸೂರ್ಯಚಂದ್ರರ ಸುತ್ತ ಬಳೆಯಂತೆ ಕಾಣುವ ಪರಿವೇಷ, ಶಿಖರದ ತಲೆಗೆ ಟೊಪ್ಪಿಗೆಯಂತೆ ಕುಳಿತ ಮೋಡ, ಶಿಖರದ ಏಣಿನಿಂದ ಬಾವುಟದಂತೆ ಹಾರುವ ಹಿಮದ ಪುಡಿ, ಥಟ್ಟನೆ ದಿಕ್ಕು ಬದಲಿಸಿದ ಗಾಳಿ, ಇವು ಎಚ್ಚರಿಕೆಯ ಗಂಟೆಗಳು. ಎತ್ತರ ತೋರಿಸುವ ಮಾಪಕವು ಒತ್ತಡದಿಂದ ನಡೆಯುವಂಥದಾಗಿದ್ದರೆ ಅದೂ ಒಂದು ಸುಳಿವು ಕೊಡುತ್ತದೆ. ರಾತ್ರಿ ಮಲಗುವಾಗ ತೋರಿಸಿದುದಕ್ಕಿಂತ ಬೆಳಿಗ್ಗೆ ಅದೇ ಡೇರೆಯಲ್ಲಿ ಹತ್ತಾರು ಮೀಟರ್ ಹೆಚ್ಚಿನ ಎತ್ತರ ತೋರಿಸಿದರೆ, ಡೇರೆ ಮೇಲೇರಿಲ್ಲ, ವಾಯುವಿನ ಒತ್ತಡ ಕುಸಿದಿದೆ, ಹವೆ ಕೆಡುವ ಸಂಭವವಿದೆ ಎಂದು ತಿಳಿಯಬೇಕು.

ಹೊಸ ಹಿಮ ಬಿದ್ದ ಮೇಲೆ ಆಕಾಶ ತಿಳಿಯಾದರೂ ಅಪಾಯ ತೀರುವುದಿಲ್ಲ. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ಶಿಕ್ಷಣಾರ್ಥಿಗಳು 5,670 ಮೀಟರ್ ಎತ್ತರದ ‘ದ್ರೌಪದಿ ಕಾ ಡಾಂಡಾ’ ಶಿಖರದ ಬಳಿ ಹಿಮಪಾತಕ್ಕೆ ಸಿಲುಕಿ, ಶಿಕ್ಷಕರೂ ಸೇರಿ 29 ಮಂದಿ ಪ್ರಾಣ ಕಳೆದುಕೊಂಡರು. ತರಬೇತಿ ಪಡೆದವರೊಡನಿದ್ದರೂ ಹಿಮ ತನ್ನ ನಿಯಮವನ್ನು ಸಡಿಲಿಸದು.

ಹಿಂದಿರುಗಿದವರ ಗೆಲುವು

ಹಿಂದಿರುಗುವುದು ಹೇಡಿತನವೆಂಬ ಭಾವನೆ ಜನರಲ್ಲಿದೆ. ಭಾರತದ ಪರ್ವತಾರೋಹಣದ ಇತಿಹಾಸವೇ ಇದನ್ನು ಅಲ್ಲಗಳೆಯುತ್ತದೆ.

1960ರಲ್ಲಿ ಬ್ರಿಗೇಡಿಯರ್ ಗ್ಯಾನ್ ಸಿಂಗ್ ಅವರ ನಾಯಕತ್ವದಲ್ಲಿ ಮೊದಲ ಭಾರತೀಯ ತಂಡವು ಎವರೆಸ್ಟ್ ಏರಹೊರಟಿತು. ಸೋನಂ ಗ್ಯಾತ್ಸೋ, ನವಾಂಗ್ ಗೊಂಬು ಮತ್ತು ನರೇಂದ್ರ ಕುಮಾರ್ 28,300 ಅಡಿಗಳಷ್ಟು ಎತ್ತರ ಮುಟ್ಟಿದರು. ಶಿಖರಕ್ಕೆ ಉಳಿದಿದ್ದುದು ಏಳುನೂರು ಅಡಿ. ಬಿರುಗಾಳಿ ಎದುರಾಯಿತು, ಅವರು ಹಿಂದಿರುಗಿದರು. 1962ರಲ್ಲಿ ಮೇಜರ್ ಜಾನ್ ಡಯಾಸ್ ನಾಯಕತ್ವದ ಎರಡನೆಯ ತಂಡದಲ್ಲಿ ಸೋನಂ ಗ್ಯಾತ್ಸೋ, ಎಂ. ಎಸ್. ಕೊಹ್ಲಿ ಮತ್ತು ಹರಿ ದಾಂಗ್ ಇನ್ನೂ ಮೇಲೆ ಹೋದರು. ಶಿಖರಕ್ಕೆ ಸುಮಾರು ನಾಲ್ಕುನೂರು ಅಡಿ ಉಳಿದಿತ್ತು. ಈ ಬಾರಿಯೂ ಹವೆ ಕೈಕೊಟ್ಟಿತು. ಈ ಬಾರಿಯೂ ಹಿಂದಿರುಗಿದರು.

1965ರಲ್ಲಿ ಅದೇ ಕೊಹ್ಲಿ ಮೂರನೆಯ ತಂಡದ ನಾಯಕರಾದರು. ಮೊದಲ ಪ್ರಯತ್ನದಲ್ಲಿ ಹವೆ ಕೆಟ್ಟಾಗ ತಂಡವನ್ನು ತಳಶಿಬಿರಕ್ಕೆ ಇಳಿಸಿ, ಆಕಾಶ ತಿಳಿಯಾಗುವವರೆಗೆ ಕಾದರು. ಮೇ 20ರಂದು ಎ. ಎಸ್. ಚೀಮಾ ಮತ್ತು ನವಾಂಗ್ ಗೊಂಬು ಶಿಖರವನ್ನೇರಿದರು. ಮೇ 22ರಂದು ಸೋನಂ ಗ್ಯಾತ್ಸೋ ಏರಿದರು. ಎರಡು ಸಲ ಹಿಂದಿರುಗಿದವರು ಮೂರನೆಯ ಸಲ ಗುರಿ ಮುಟ್ಟಿದರು. ಆ ತಿಂಗಳು ತಂಡದ ಒಟ್ಟು ಒಂಬತ್ತು ಮಂದಿ ಎವರೆಸ್ಟಿನ ಮೇಲೆ ನಿಂತರು. 1960ರಲ್ಲಿಯೋ 1962ರಲ್ಲಿಯೋ ಹಟ ಹಿಡಿದಿದ್ದರೆ ಗೊಂಬು, ಗ್ಯಾತ್ಸೋ, ಕೊಹ್ಲಿ ಈ ಮೂವರಲ್ಲಿ 1965ಕ್ಕೆ ಯಾರು ಉಳಿದಿರುತ್ತಿದ್ದರೆಂದು ಹೇಳಲಾಗದು.

ಇದಕ್ಕೆ ವಿರುದ್ಧವಾದ ಉದಾಹರಣೆ 1996ರ ಮೇ ತಿಂಗಳಿನದು. ಮಧ್ಯಾಹ್ನ ಒಂದು ಅಥವಾ ಎರಡು ಗಂಟೆಯೊಳಗೆ ಹಿಂದಿರುಗಬೇಕೆಂಬ ಮಾತಿದ್ದರೂ ಎವರೆಸ್ಟಿನ ದಕ್ಷಿಣ ಪಾರ್ಶ್ವದಲ್ಲಿ ಹಲವರು ಆ ಹೊತ್ತು ಮೀರಿ ಏರುತ್ತಲೇ ಇದ್ದರು. ಸಂಜೆ ಬಿರುಗಾಳಿ ಎರಗಿತು. ಉತ್ತರ ಪಾರ್ಶ್ವದಲ್ಲಿದ್ದ ಮೂವರು ಭಾರತೀಯರೂ ಸೇರಿ ಎಂಟು ಮಂದಿ ಆ ಒಂದೆರಡು ದಿನಗಳಲ್ಲಿ ಮೃತರಾದರು. ಅದೇ ದಕ್ಷಿಣದ ತಂಡವೊಂದರ ಮೂವರು ಆರೋಹಿಗಳು ವೇಳೆ ಸಾಲದೆಂದು ಲೆಕ್ಕ ಹಾಕಿ, ಮಧ್ಯಾಹ್ನಕ್ಕೆ ಮುನ್ನವೇ ಕೆಳಗಿಳಿದಿದ್ದರು. ಅವರು ಸುರಕ್ಷಿತವಾಗಿ ಮನೆ ಸೇರಿದರು.

ಶಕ್ತಿಯ ಜಮಾಖರ್ಚು

ಲೆಕ್ಕಪತ್ರ ಬಲ್ಲವರಿಗೆ ಈ ವಿಷಯ ಸುಲಭವಾಗಿ ಮನದಟ್ಟಾಗುತ್ತದೆ. ಬೆಳಿಗ್ಗೆ ಶಿಬಿರ ಬಿಡುವಾಗ ದೇಹದಲ್ಲಿರುವ ಶಕ್ತಿಯೇ ಆ ದಿನದ ಬಂಡವಾಳ. ಅದನ್ನು ಮೂರು ಪಾಲು ಮಾಡಬೇಕು: ಒಂದು ಪಾಲು ಏರಲು, ಒಂದು ಪಾಲು ಇಳಿಯಲು, ಒಂದು ಪಾಲು ಆಪದ್ಧನ. ಯಾವ ಬ್ಯಾಂಕೂ ತನ್ನ ಠೇವಣಿಯನ್ನೆಲ್ಲ ಸಾಲವಾಗಿ ಹಂಚಿಬಿಡುವುದಿಲ್ಲ. ಕಾನೂನಿನಂತೆ ಒಂದು ಭಾಗವನ್ನು ಮುಟ್ಟದೆ ಇಡುತ್ತದೆ. ಪರ್ವತದಲ್ಲಿಯೂ ಆ ಮೂರನೆಯ ಪಾಲನ್ನು ಮುಟ್ಟುವಂತಿಲ್ಲ. ಶಿಖರದ ಮೇಲೆ ನಿಂತಾಗ ಪಯಣದ ಅರ್ಧ ಮಾತ್ರ ಮುಗಿದಿರುತ್ತದೆ. ಅಪಘಾತಗಳು ಇಳಿಯುವಾಗಲೇ ಹೆಚ್ಚು ಎಂಬುದಕ್ಕೆ ಮೇಲಿನ ಸಹಸ್ರತಾಲದ ಪ್ರಸಂಗವೂ ಸಾಕ್ಷಿ.

ಎರಡನೆಯ ಸೂತ್ರ ಹೊತ್ತಿನದು. ಬೆಳಿಗ್ಗೆ 5 ಗಂಟೆಗೆ ಹೊರಟ ತಂಡವು 11 ಗಂಟೆಗೆ ಎಲ್ಲಿದ್ದರೂ ಹಿಂದಿರುಗುವುದೆಂದು ನಿಶ್ಚಯಿಸಿದ್ದರೆ, 11 ಗಂಟೆಗೆ ಹಿಂದಿರುಗಲೇಬೇಕು. ಗುರಿ ಕಣ್ಣೆದುರಿಗೆ ಕಾಣುತ್ತಿದೆಯೆಂಬುದು ವಿನಾಯಿತಿಗೆ ಕಾರಣವಾಗಬಾರದು. ಗುರಿ ಕಾಣುವಾಗಲೇ ನಿಯಮ ಮುರಿಯುವ ಆಸೆ ಬಲವಾಗುತ್ತದೆ.

ಮೂರನೆಯದು ಸಹಿಯ ನಿಯಮ. ಮುಂದುವರಿಯಬೇಕಾದರೆ ತಂಡದ ಎಲ್ಲರ ಸಹಿ ಬೇಕು; ಹಿಂದಿರುಗಬೇಕಾದರೆ ಒಬ್ಬರ ಸಹಿ ಸಾಕು. ತಂಡದಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರ ವೇಗವೇ ತಂಡದ ವೇಗ. ತಲೆನೋವಿದೆಯೆಂದು ಹೇಳಿಕೊಳ್ಳಲು ಯಾರೂ ನಾಚಬಾರದು. ಹೇಳಿದವರನ್ನು ಯಾರೂ ಹಾಸ್ಯ ಮಾಡಬಾರದು. ಸ್ಥಳೀಯ ಮಾರ್ಗದರ್ಶಕನು ಬೇಡವೆಂದರೆ ಆ ಮಾತೇ ಅಂತಿಮ. ಹಣ ಕೊಟ್ಟವನೆಂಬ ಅಧಿಕಾರದಿಂದ ಅವನನ್ನು ಒತ್ತಾಯಿಸುವುದು ತನ್ನ ಕೊರಳಿಗೆ ತಾನೇ ಹಗ್ಗ ಬಿಗಿದುಕೊಂಡಂತೆ.

ನಾಲ್ಕನೆಯದು ಮರಳಿ ಬಾರದ ವೆಚ್ಚದ ವಿಚಾರ. ವರ್ಷಕ್ಕೊಮ್ಮೆ ಸಿಕ್ಕ ರಜೆ, ತಿಂಗಳುಗಳ ಮುಂಚೆ ಕಾದಿರಿಸಿದ ರೈಲು ಟಿಕೆಟ್ಟು, ಕಟ್ಟಿದ ಸಾವಿರಾರು ರೂಪಾಯಿ, ಕೊಂಡ ಬೂಟು, ನೆರೆಹೊರೆಯವರಿಗೆ ಹೇಳಿಬಂದ ಮಾತು, ಇವೆಲ್ಲವೂ ಚಾರಣಿಗನನ್ನು ಹಿಂದಿನಿಂದ ತಳ್ಳುತ್ತವೆ. ಆದರೆ ಮುಂದುವರಿದರೂ ಹಿಂದಿರುಗಿದರೂ ಆ ಹಣ ಮರಳದು. ಮರಳಿ ಬಾರದ ವೆಚ್ಚವನ್ನು ಮುಂದಿನ ನಿರ್ಧಾರದಲ್ಲಿ ಎಣಿಸಬಾರದೆಂಬುದು ವಾಣಿಜ್ಯಶಾಸ್ತ್ರದ ಪ್ರಾಥಮಿಕ ಪಾಠ. ಉಳಿದಿರುವ ಲೆಕ್ಕ ಒಂದೇ: ಈಗ ಮುಂದೆ ಹೋದರೆ ದೊರೆಯುವುದೇನು, ಕಳೆದುಕೊಳ್ಳಬಹುದಾದುದೇನು?

ಬಿರುಗಾಳಿಗೆ ಸಿಲುಕಿದಾಗ

ಎಷ್ಟು ಜಾಗರೂಕತೆಯಿದ್ದರೂ ಬಿರುಗಾಳಿ ಬಂದೆರಗಬಹುದು. ಆಗ ಗಮನದಲ್ಲಿಡಬೇಕಾದ ಸಂಗತಿಗಳು ಹೀಗಿವೆ:

1. ತಂಡ ಚದುರಬಾರದು. ದಾರಿ ಕಾಣದಿದ್ದರೆ ಅಲೆದಾಡಿ ಶಕ್ತಿ ಕಳೆಯುವುದಕ್ಕಿಂತ, ಕತ್ತಲಾಗುವ ಮುನ್ನ ಗಾಳಿಗೆ ಮರೆಯಾದ ಜಾಗ ಹುಡುಕಿ ಒತ್ತಾಗಿ ಕೂರುವುದು ಲೇಸು. ಹಿಮ ಜಾರಿಬೀಳುವಂತಹ ಇಳಿಜಾರಿನ ಬುಡವನ್ನು ಮಾತ್ರ ಆರಿಸಬಾರದು.

2. ಚಳಿ ನೆಲದಿಂದಲೂ ಏರುತ್ತದೆ. ಚೀಲ, ಹಗ್ಗ, ಚಾಪೆ, ಏನು ದೊರೆತರೂ ಅದನ್ನು ಕೆಳಗೆ ಹಾಸಿ ಅದರ ಮೇಲೆ ಕೂರಬೇಕು.

3. ಮರೆ ದೊರೆತು ಒಣಬಟ್ಟೆಯಿದ್ದರೆ ಒದ್ದೆ ಬಟ್ಟೆಯನ್ನು ತೆಗೆದು ಅದನ್ನು ಹಾಕಬೇಕು. ತಲೆ, ಕುತ್ತಿಗೆ ಮುಚ್ಚಿರಬೇಕು. ದೊಡ್ಡ ಪ್ಲಾಸ್ಟಿಕ್ ಹಾಳೆಯೊಂದು ಎಲ್ಲರ ಚೀಲದಲ್ಲಿಯೂ ಇರತಕ್ಕದ್ದು. ಅದರ ತೂಕ ಅತ್ಯಲ್ಪ, ಉಪಕಾರ ಬಹಳ.

4. ಎಚ್ಚರವಿದ್ದು ನುಂಗಬಲ್ಲವರಿಗೆ ಸಕ್ಕರೆ ಹೆಚ್ಚಾಗಿ ಬೆರೆಸಿದ ಬಿಸಿ ಪಾನೀಯ, ಬೆಲ್ಲ, ಚಿಕ್ಕಿ, ಖರ್ಜೂರ ಕೊಡಬೇಕು. ನಡುಗಲು ಬೇಕಾದ ಇಂಧನ ಅದೇ. ಮದ್ಯ ಕೂಡದು, ಅದು ಚರ್ಮಕ್ಕೆ ರಕ್ತ ಹರಿಸಿ ಬೆಚ್ಚಗಾದಂತೆ ಭ್ರಮೆ ಹುಟ್ಟಿಸಿ, ಒಳಗಿನ ಶಾಖವನ್ನು ಹೊರಚೆಲ್ಲುತ್ತದೆ.

5. ತೀರ ತಣ್ಣಗಾದವರ ಕೈಕಾಲು ತಿಕ್ಕಬಾರದು, ಬಲವಂತವಾಗಿ ನಡೆಸಬಾರದು. ಅಂಥವರ ಹೃದಯ ಅಲ್ಪ ಆಘಾತಕ್ಕೂ ಲಯ ತಪ್ಪಬಹುದು. ಮಲಗಿಸಿ, ಹೊದಿಸಿ, ಎದೆ ಮತ್ತು ಕಂಕುಳ ಬಳಿ ಬಟ್ಟೆ ಸುತ್ತಿದ ಬಿಸಿನೀರ ಬಾಟಲಿ ಇಡಬಹುದು.

6. ಹಿಮದಿಂದ ಮರಗಟ್ಟಿದ ಬೆರಳುಗಳನ್ನು ಬೆಂಕಿಗೆ ಹಿಡಿಯಬಾರದು, ಹಿಮದಿಂದ ಉಜ್ಜಬಾರದು. ಮತ್ತೆ ಹೆಪ್ಪುಗಟ್ಟುವ ಸಂಭವವಿಲ್ಲದ ಸುರಕ್ಷಿತ ಜಾಗದಲ್ಲಿ ಮಾತ್ರ 37ರಿಂದ 39 ಡಿಗ್ರಿಯ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಬೇಕು.

7. ಉಸಿರು, ನಾಡಿ ತಿಳಿಯದಷ್ಟು ಕ್ಷೀಣವಾಗಿದ್ದರೂ ಆಸೆ ಬಿಡಬಾರದು. ತೀವ್ರ ಚಳಿಯಲ್ಲಿ ಸತ್ತಂತೆ ಕಂಡವರು ಬೆಚ್ಚಗಾದ ಮೇಲೆ ಚೇತರಿಸಿಕೊಂಡ ನಿದರ್ಶನಗಳುಂಟು.

ಗೋರೆಗಾಂವಿನಲ್ಲಿಯೇ ಮಾಡಬೇಕಾದ ಸಿದ್ಧತೆ

ಪರ್ವತಾರೋಹಣದ ಸಿದ್ಧತೆ ಡೆಹ್ರಾಡೂನಿನಲ್ಲಲ್ಲ, ಮನೆಯ ಮೆಟ್ಟಿಲಿನಲ್ಲಿಯೇ ಆರಂಭವಾಗತಕ್ಕದ್ದು. ಮೂರು ತಿಂಗಳ ಮೊದಲೇ ಲಿಫ್ಟನ್ನು ಬಿಟ್ಟು ಮೆಟ್ಟಿಲು ಹತ್ತಿ ಇಳಿಯುವುದು, ಬೆಳಿಗ್ಗೆ ಆರೆ ಕಾಲೊನಿಯ ಏರಿಳಿತದ ರಸ್ತೆಯಲ್ಲಿ ಬೆನ್ನಿಗೆ ಚೀಲ ಹೊತ್ತು ನಡೆಯುವುದು, ಭಾನುವಾರ ಬೋರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಕಾನ್ಹೇರಿ ಗುಹೆಗಳವರೆಗೆ ಹೋಗಿಬರುವುದು, ಇವು ಖರ್ಚಿಲ್ಲದ ಸಾಧನೆಗಳು. ಹೊಸ ಬೂಟನ್ನು ಇಲ್ಲಿಯೇ ತೊಟ್ಟು ಸವೆಸಿ ಪಳಗಿಸಬೇಕು. ಇವುಗಳಿಂದ ಕಾಲಿಗೂ ಹೃದಯಕ್ಕೂ ಬಲ ಬರುತ್ತದೆ. ಎತ್ತರಕ್ಕೆ ಹೊಂದಿಕೊಳ್ಳುವುದನ್ನು ಮಾತ್ರ ಎತ್ತರದಲ್ಲಿಯೇ ಕಲಿಯಬೇಕು.

ನಲವತ್ತು ದಾಟಿದವರು ವೈದ್ಯರಿಂದ ರಕ್ತದೊತ್ತಡ, ಸಕ್ಕರೆ, ಹೃದಯ ಇವನ್ನು ಪರೀಕ್ಷಿಸಿಕೊಳ್ಳಬೇಕು. ಮಧುಮೇಹಿಗಳು ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುವುದೆಂಬುದನ್ನು ಮರೆಯದೆ ಅದನ್ನು ಮೈಗೆ ಹತ್ತಿರವಾಗಿ ಇಟ್ಟುಕೊಳ್ಳಬೇಕು. ಅಸೆಟಜೋಲಮೈಡ್ ಎಂಬ ಮಾತ್ರೆ ಎತ್ತರಕ್ಕೆ ಹೊಂದಿಕೊಳ್ಳಲು ಸಹಾಯಕ. ಆದರೆ ಗಂಧಕಯುಕ್ತ ಸಲ್ಫಾ ಔಷಧಿ ಒಗ್ಗದವರು ಅದರ ವಿಷಯವನ್ನು ಮೊದಲೇ ತಿಳಿಸಬೇಕು, ವೈದ್ಯರ ಸಲಹೆಯಿಲ್ಲದೆ ಯಾರೂ ನುಂಗಬಾರದು. ನಿದ್ರೆಯ ಮಾತ್ರೆಯೂ ಮದ್ಯವೂ ರಾತ್ರಿಯ ಉಸಿರಾಟವನ್ನು ಕುಗ್ಗಿಸುವುದರಿಂದ ವರ್ಜ್ಯ.

ಹಣ ಕಟ್ಟುವ ಮುನ್ನ ವ್ಯವಸ್ಥಾಪಕರನ್ನು ಕೆಲವು ಪ್ರಶ್ನೆಗಳನ್ನು ಕೇಳುವುದು ಪ್ರತಿಯೊಬ್ಬರ ಹಕ್ಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸುವುದಿಲ್ಲವೇ? ಮೂರು ನಾಲ್ಕು ದಿನಗಳಿಗೊಮ್ಮೆ ವಿಶ್ರಾಂತಿಯಿದೆಯೇ? ಹವೆ ಕೆಟ್ಟರೆ ಕಾಯಲು ಹೆಚ್ಚಿನ ದಿನವೊಂದನ್ನು ಇಟ್ಟಿದ್ದಾರೆಯೇ? ಹವಾಮಾನದ ವರದಿ ಪ್ರತಿದಿನ ತಲುಪುವುದು ಹೇಗೆ? ಗುರಿಯ ದಿನ ತುರ್ತು ಡೇರೆ, ಒಲೆ, ಆಮ್ಲಜನಕ ಜೊತೆಗೆ ಬರುತ್ತವೆಯೇ, ಶಿಬಿರದಲ್ಲಿಯೇ ಉಳಿಯುತ್ತವೆಯೇ? ಆಪತ್ತಿನ ಸುದ್ದಿ ಮುಟ್ಟಿಸುವ ಸಾಧನವೇನು? ಹಿಂದಿರುಗುವ ಹೊತ್ತನ್ನು ಯಾರು ನಿರ್ಧರಿಸುತ್ತಾರೆ? ಸಾಲಪತ್ರಕ್ಕೆ ಸಹಿ ಹಾಕುವ ಮೊದಲು ಷರತ್ತುಗಳನ್ನು ಓದುವಂತೆ, ಈ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಪಡೆದ ಮೇಲೆಯೇ ಹಣ ಕಟ್ಟತಕ್ಕದ್ದು.

ಉಪಸಂಹಾರ

ಮಹಾಭಾರತದ ಮಹಾಪ್ರಸ್ಥಾನದಲ್ಲಿ ಪಾಂಡವರು ಹಿಮಾಲಯದತ್ತ ನಡೆದರು. ದಾರಿಯಲ್ಲಿ ದ್ರೌಪದಿ ಬಿದ್ದಳು. ಸಹದೇವ, ನಕುಲ, ಅರ್ಜುನ, ಭೀಮರು ಒಬ್ಬೊಬ್ಬರಾಗಿ ಬಿದ್ದರು. ಧರ್ಮರಾಯನು ಹಿಂದಿರುಗಿ ನೋಡದೆ ನಡೆದನು. ಅದು ಲೋಕವನ್ನು ತ್ಯಜಿಸಿ ಹೊರಟವರ ಯಾತ್ರೆ. ಅವರಿಗೆ ಆ ನಿಯಮ ಸರಿ. ರಜೆ ಮುಗಿದ ಮೇಲೆ ಮರಳಿ ಕಚೇರಿಗೆ ಹಾಜರಾಗಬೇಕಾದ ಸಂಸಾರಿಗೆ ಅದರ ವಿರುದ್ಧ ನಿಯಮವೇ ಧರ್ಮ. ಅವನು ಹೆಜ್ಜೆಹೆಜ್ಜೆಗೂ ಹಿಂದಿರುಗಿ ನೋಡಬೇಕು: ಹಿಂದೆ ಉಳಿದವರಿದ್ದಾರೆಯೇ, ಬಂದ ದಾರಿ ಕಾಣುತ್ತಿದೆಯೇ, ಮೋಡ ಎಲ್ಲಿಗೆ ಬಂದಿದೆ, ಗಡಿಯಾರ ಎಷ್ಟು ತೋರಿಸುತ್ತಿದೆ ಎಂದು.

ಶಿಖರವು ಈ ವರ್ಷ ತಪ್ಪಿದರೆ ಬರುವ ವರ್ಷವೂ ಅಲ್ಲಿಯೇ ಇರುತ್ತದೆ. ಅದನ್ನು ಕಾಣಲು ಚಾರಣಿಗನೂ ಇರಬೇಕು. ಅವನನ್ನು ಕಾಯುವ ಮನೆಮಂದಿಯ ಮುಖದಲ್ಲಿ ನಗೆಯೂ ಇರಬೇಕು. ಹಿಮಾಲಯಕ್ಕೆ ಹೊರಡುವ ಕನ್ನಡ ಬಾಂಧವರೆಲ್ಲರೂ ಆರೋಗ್ಯವಂತರಾಗಿ ಹೋಗಿ, ಅಷ್ಟೇ ಆರೋಗ್ಯವಂತರಾಗಿ ಹಿಂದಿರುಗಲಿ.